ಬಿರುಕಿಗೆ ಬಣ್ಣ ಬಳಿದರೆ ನಂಬಿಕೆ ಬಾರದು

ಸಿಂಗಪುರದ ಕಲ್ಲಾಂಗ್ ಎಂದೊಡನೆ ಊರಿನಿಂದ ಬಂದ ಬಂಧುಗಳಿಗೆ ನೆನಪಾಗುವುದು ಅಲ್ಲಿನ ನ್ಯಾಷನಲ್ ಸ್ಟೇಡಿಯಂ. ಅಲ್ಲಿಗೆ ಹೋಗಲು ಸರ್ಕಲ್ ಲೈನ್ ಮೆಟ್ರೊ ಹಿಡಿದರೆ ಪ್ರಾಮೆನೇಡ್ ಮತ್ತು ಸ್ಟೇಡಿಯಂ ನಿಲ್ದಾಣಗಳ ನಡುವೆ ನಿಕೋಲ್ ಹೈವೇ ಎಂಬ ಸಣ್ಣ ನಿಲ್ದಾಣವೊಂದು ಬರುತ್ತದೆ. ಅದರ ಹತ್ತಿರದಲ್ಲೇ, ಬೀಚ್ ರೋಡಿನಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದಂತೆ ಕಾಣುವ 16 ಅಂತಸ್ತಿನ ಹಳೆಯ ಕಟ್ಟಡವಿದೆ. ಅದೇ ಗೋಲ್ಡನ್ ಮೈಲ್ ಕಾಂಪ್ಲೆಕ್ಸ್. ಒಂದು ಕಾಲಕ್ಕೆ ಥಾಯ್ ಅಂಗಡಿ, ಊಟದ ಮನೆಗಳಿಂದ ಗಿಜಿಗುಡುತ್ತಿದ್ದ ಈ ಮಳಿಗೆ ಸಂಕೀರ್ಣ 2023ರ ಮೇ ತಿಂಗಳಲ್ಲಿ ಖಾಲಿಯಾಗಿ ನವೀಕರಣಕ್ಕೆ ಒಳಗಾಯಿತು. ಹೀಗೆ ದುರಸ್ತಿಯಾಗಿ ಮರಳಿ ತೆರೆಯುವ ಕಟ್ಟಡದೊಳಗೆ ಜನರು ಯಾವ ಧೈರ್ಯದಿಂದ ಕಾಲಿಡುತ್ತಾರೆ? ಈ ಪ್ರಶ್ನೆಗೆ ಸಿಂಗಪುರ ಕಂಡುಕೊಂಡ ಉತ್ತರದ ಹಿಂದೆ ಎರಡು ದುರಂತಗಳಿವೆ.

ಮೊದಲನೆಯದು 1986ರ ಮಾರ್ಚ್ 15ರದು. ಸೆರಂಗೂನ್ ರಸ್ತೆಯ ಲಿಯಾನ್ ಯಾಕ್ ಕಟ್ಟಡ, ಅಂದರೆ ಜನರು ಹೋಟೆಲ್ ನ್ಯೂ ವರ್ಲ್ಡ್ ಎಂದು ಕರೆಯುತ್ತಿದ್ದ ಆರಂತಸ್ತಿನ ಕಟ್ಟಡ, ಒಂದೇ ನಿಮಿಷದೊಳಗೆ ಕುಸಿಯಿತು. 33 ಜನ ಅಸುನೀಗಿದರು. 17 ಜನರನ್ನು ಅವಶೇಷಗಳಡಿಯಿಂದ ಜೀವಂತವಾಗಿ ಹೊರತೆಗೆಯಲಾಯಿತು. ತನಿಖೆಯಲ್ಲಿ ಹೊರಬಂದ ಸಂಗತಿ ಬೆಚ್ಚಿಬೀಳಿಸುವಂಥದು: ವಿನ್ಯಾಸ ಮಾಡುವಾಗ ಕಟ್ಟಡದ ಸ್ವಂತ ತೂಕವನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಂಬಗಳು 15 ವರ್ಷಗಳ ಕಾಲ ತಮ್ಮ ಶಕ್ತಿ ಮೀರಿದ ಭಾರವನ್ನು ಹೊತ್ತು ನಿಂತಿದ್ದವು. ಕುಸಿಯುವ ಮುನ್ನ ಬಿರುಕುಗಳು ಕಣ್ಣಿಗೆ ಬಿದ್ದಿದ್ದವು. ಅವುಗಳ ಅರ್ಥವನ್ನು ಸಕಾಲದಲ್ಲಿ ಯಾರೂ ಗ್ರಹಿಸಲಿಲ್ಲ.

ಇದರ ಫಲವಾಗಿ 1989ರಲ್ಲಿ ಕಟ್ಟಡ ನಿಯಂತ್ರಣ ಕಾಯ್ದೆ ಜಾರಿಗೆ ಬಂತು. ಒಬ್ಬ ಎಂಜಿನಿಯರ್ ಮಾಡಿದ ವಿನ್ಯಾಸವನ್ನು ಅವರಿಗೆ ಸಂಬಂಧವಿಲ್ಲದ ಮತ್ತೊಬ್ಬ ಮಾನ್ಯತೆ ಪಡೆದ ಪರಿಶೀಲಕರು ಹೊಸದಾಗಿ ಲೆಕ್ಕ ಹಾಕಿ ನೋಡಬೇಕೆಂಬ ನಿಯಮ ಬಂತು. ಕಟ್ಟಿ ಮುಗಿಸಿದ ಮೇಲೂ ಬಿಡುವಿಲ್ಲ. ಮಳಿಗೆ, ಕಚೇರಿಗಳಂಥ ಕಟ್ಟಡಗಳಿಗೆ ಐದು ವರ್ಷಕ್ಕೊಮ್ಮೆ, ವಸತಿ ಕಟ್ಟಡಗಳಿಗೆ ಹತ್ತು ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ. ಮೊದಲ ಹಂತದಲ್ಲಿ ಎಂಜಿನಿಯರ್ ಕಣ್ಣಾರೆ ನೋಡಿ ವರದಿ ಬರೆಯುತ್ತಾರೆ. ಸಂಶಯ ಮೂಡಿದರೆ ಎರಡನೆಯ ಹಂತದಲ್ಲಿ ಕಾಂಕ್ರೀಟಿನ ತುಂಡು ಕೊರೆದು ಪ್ರಯೋಗಾಲಯಕ್ಕೆ ಕಳುಹಿಸುವುದು, ಭಾರ ಹೇರಿ ಪರೀಕ್ಷಿಸುವುದು ಮೊದಲಾದ ಆಳವಾದ ಶೋಧನೆ ನಡೆಯುತ್ತದೆ.

ಇಷ್ಟೆಲ್ಲ ಇದ್ದೂ ಎರಡನೆಯ ದುರಂತ ತಪ್ಪಲಿಲ್ಲ. 2004ರ ಏಪ್ರಿಲ್ 20ರ ಮಧ್ಯಾಹ್ನ, ಗೋಲ್ಡನ್ ಮೈಲ್ ಕಾಂಪ್ಲೆಕ್ಸಿನ ಬಳಿಯಲ್ಲೇ, ಸರ್ಕಲ್ ಲೈನಿಗಾಗಿ ತೋಡುತ್ತಿದ್ದ ಸುಮಾರು 30 ಮೀಟರ್ ಆಳದ ಹೊಂಡದ ತಡೆಗೋಡೆ ಕುಸಿದು ನಿಕೋಲ್ ಹೆದ್ದಾರಿಯ ಒಂದು ಭಾಗವೇ ನೆಲದೊಳಗೆ ಇಳಿಯಿತು. ನಾಲ್ವರು ಪ್ರಾಣ ಕಳೆದುಕೊಂಡರು. ಅವರಲ್ಲಿ ಒಬ್ಬರ ದೇಹ ಕೊನೆಗೂ ದೊರೆಯಲಿಲ್ಲ. ಸರ್ಕಾರ ನೇಮಿಸಿದ ವಿಚಾರಣಾ ಸಮಿತಿ 2005ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿತು. ಗೋಡೆಯ ವಿನ್ಯಾಸದಲ್ಲಿ ದೋಷ, ಉಕ್ಕಿನ ಆಸರೆಗಳ ಜೋಡಣೆಯಲ್ಲಿ ದೋಷ, ಅಳತೆಯ ಉಪಕರಣಗಳು ನೀಡುತ್ತಿದ್ದ ಎಚ್ಚರಿಕೆಯನ್ನು ಗಂಭೀರವಾಗಿ ಪರಿಗಣಿಸದ ದೋಷ – ಎಲ್ಲವನ್ನೂ ಅದು ಬಿಡಿಸಿ ಹೇಳಿತು.

ಮೊದಲ ಪಾಠ ಕಟ್ಟಿ ನಿಂತ ಕಟ್ಟಡಗಳ ಮೇಲೆ ಕಣ್ಣಿಟ್ಟಿತ್ತು; ನೆಲ ಅಗೆಯುವಾಗ ಕೊಡುವ ತಾತ್ಕಾಲಿಕ ಆಸರೆಯ ಮೇಲೆ ಅಷ್ಟೇ ಕಟ್ಟುನಿಟ್ಟಿನ ನಿಗಾ ಇರಲಿಲ್ಲ. 2007ರ ತಿದ್ದುಪಡಿ ಆ ಕೊರತೆಯನ್ನು ತುಂಬಿತು. ಆರು ಮೀಟರಿಗಿಂತ ಆಳವಾದ ಅಗೆತಕ್ಕೆ ಮಣ್ಣಿನ ಸ್ವಭಾವ ಬಲ್ಲ ತಜ್ಞ ಎಂಜಿನಿಯರ್ ಹೊಣೆ ಹೊರಬೇಕಾಯಿತು. ಹೆದ್ದಾರಿ 2004ರ ಡಿಸೆಂಬರಿನಲ್ಲೇ ಸಂಚಾರಕ್ಕೆ ತೆರೆದರೂ ಮೆಟ್ರೊ ನಿಲ್ದಾಣವನ್ನು ಕುಸಿದ ಜಾಗದಲ್ಲಿ ಕಟ್ಟದೆ ಬೇರೆಡೆಗೆ ಸರಿಸಿ, 2010ರ ಏಪ್ರಿಲ್ 17ರಂದು ತೆರೆಯಲಾಯಿತು. ಇಂದು ನಮ್ಮ ಹಿರಿಯರು ನಿಶ್ಚಿಂತೆಯಿಂದ ಕುಳಿತು ಹೋಗುವ ಆ ಮಾರ್ಗದ ಹಿಂದೆ ಆರು ವರ್ಷಗಳ ತಾಳ್ಮೆ ಇದೆ.

ಇನ್ನು ದುರಸ್ತಿಯ ಮಾತು. ಕಾಂಕ್ರೀಟಿನೊಳಗೆ ನೀರು ಮತ್ತು ಗಾಳಿ ಸೇರಿದಂತೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದ ಕಬ್ಬಿಣ ಸುತ್ತಲಿನ ಕಾಂಕ್ರೀಟನ್ನು ಒಡೆದು ಹಕ್ಕಳೆಯಂತೆ ಉದುರಿಸುತ್ತದೆ. ಸಡಿಲಗೊಂಡ ಭಾಗವನ್ನು ಕಿತ್ತು, ತುಕ್ಕು ತೆಗೆದು, ಅಗತ್ಯವಿದ್ದಲ್ಲಿ ಹೊಸ ಕಂಬಿ ಸೇರಿಸಿ, ಕಂಬದ ಸುತ್ತ ಹೊಸ ಕಾಂಕ್ರೀಟಿನ ಕವಚ ತೊಡಿಸುವುದು ನಿಜವಾದ ದುರಸ್ತಿ. ಮೇಲೆ ಗಾರೆ ಮೆತ್ತಿ ಸುಣ್ಣ ಬಳಿಯುವುದು ಬರಿಯ ಅಲಂಕಾರ. ಕೆಲಸ ಮುಗಿದ ಮೇಲೆ ಗಿರಾಕಿಯ ಕಣ್ಣಿಗೆ ಇವೆರಡೂ ಒಂದೇ ಬಗೆಯಾಗಿ ಕಾಣುತ್ತವೆ. ಆದ್ದರಿಂದಲೇ ನಂಬಿಕೆಯು ಗೋಡೆಯ ಹೊಳಪನ್ನು ಅವಲಂಬಿಸಲಾರದು. ಯಾರು ಪರೀಕ್ಷಿಸಿದರು, ಏನು ಕಂಡರು, ಯಾರ ಸಹಿ ಬಿತ್ತು ಎಂಬುದೇ ಅದಕ್ಕೆ ಆಧಾರ.

ಗೋಲ್ಡನ್ ಮೈಲ್ ಕಾಂಪ್ಲೆಕ್ಸ್ ಇನ್ನೊಂದು ಕಷ್ಟವನ್ನೂ ತೋರಿಸುತ್ತದೆ. 1973ರಲ್ಲಿ ಮುಗಿದ ಈ ಕಟ್ಟಡಕ್ಕೆ ನೂರಾರು ಮಾಲೀಕರಿದ್ದರು. ಒಬ್ಬೊಬ್ಬರೂ ತಮ್ಮ ಬಾಲ್ಕನಿಗೆ ತೋಚಿದಂತೆ ತಗಡು, ಗಾಜು ಹೊದಿಸಿಕೊಂಡರು. ಇಡೀ ಕಟ್ಟಡದ ಆರೋಗ್ಯ ಯಾರ ಹೊಣೆಯೆಂಬುದು ಮಸುಕಾಯಿತು. 2021ರ ಅಕ್ಟೋಬರ್ 22ರಂದು ಸರ್ಕಾರ ಅದನ್ನು ಸಂರಕ್ಷಿತ ಕಟ್ಟಡವೆಂದು ಘೋಷಿಸಿತು; ಮರುವರ್ಷ ಅದು 70 ಕೋಟಿ ಸಿಂಗಪುರ ಡಾಲರಿಗೆ ಒಟ್ಟಾಗಿ ಮಾರಾಟವಾಯಿತು. ಕೆಡವದೆ ಉಳಿಸಬೇಕೆಂಬ ನಿಯಮವಿರುವುದರಿಂದ ಇಲ್ಲಿ ದುರಸ್ತಿಯೇ ದಾರಿ. ಹೊಣೆಗಾರರು ಯಾರೆಂಬುದೂ ಈಗ ಸ್ಪಷ್ಟ.

ನಮ್ಮ ನಾಡಿಗೂ ಈ ಚಿಂತೆ ಹೊಸದಲ್ಲ. 2017ರ ಜನವರಿ 16ರಂದು ಬೆಂಗಳೂರಿನ ಮಲ್ಲೇಶ್ವರದ ಮಂತ್ರಿ ಸ್ಕ್ವೇರ್ ಮಾಲ್‌ನ ಹಿಂಬದಿ ಗೋಡೆಯ ಭಾಗ ಕುಸಿದಾಗ ಮಾಲ್ ಮುಚ್ಚಲಾಯಿತು. ತಜ್ಞರ ಪರಿಶೀಲನೆ, ದುರಸ್ತಿ ಮುಗಿದು ಕೆಲ ತಿಂಗಳ ನಂತರ ಬಾಗಿಲು ತೆರೆಯಿತು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ವಾಣಿಜ್ಯ ಸಂಕೀರ್ಣ ಕುಸಿದು 19 ಜನ ಬಲಿಯಾದರು. ನಮ್ಮಲ್ಲಿ ಸಮರ್ಥ ಎಂಜಿನಿಯರುಗಳಿಗೆ ಬರವಿಲ್ಲ. ದುರ್ಘಟನೆ ನಡೆದ ಮೇಲೆ ಬರುವ ತಜ್ಞರು ಅದಕ್ಕೆ ಮುನ್ನವೇ ಐದು ವರ್ಷಕ್ಕೊಮ್ಮೆ ತಪ್ಪದೆ ಬರುವಂತಾಗುವುದೇ ನಮಗಿರುವ ಕೊರತೆ.

ಇಲ್ಲಿಗೆ ಬರಬಯಸುವ ಸಿವಿಲ್ ಎಂಜಿನಿಯರಿಂಗ್ ಪದವೀಧರರು ಇದನ್ನು ಮನಗಾಣಬೇಕು. ಸಿಂಗಪುರದಲ್ಲಿ ನಕ್ಷೆಗೆ ಹಾಕುವ ಸಹಿ ಸಾಮಾನ್ಯ ವಿಧಿಯಲ್ಲ. ನೋಂದಾಯಿತ ವೃತ್ತಿಪರ ಎಂಜಿನಿಯರಿಗಷ್ಟೇ ಆ ಅಧಿಕಾರ, ತಪ್ಪಿದರೆ ದಂಡನೆಯೂ ಅವರಿಗೇ. ಮನೆ ಕೊಳ್ಳುವವರೂ ತಿಂಗಳ ನಿರ್ವಹಣಾ ಶುಲ್ಕದ ಜೊತೆಗೆ ಕಟ್ಟುವ ಸಿಂಕಿಂಗ್ ಫಂಡನ್ನು ದಂಡವೆಂದು ಗೊಣಗಬೇಕಿಲ್ಲ. ನಾಳಿನ ದೊಡ್ಡ ದುರಸ್ತಿಗೆ ಅದೇ ಗಂಟು. ಮಕ್ಕಳನ್ನು ನೋಡಲು ಬರುವ ತಂದೆತಾಯಿಯರು ಇಲ್ಲಿನ ಎತ್ತರದ ಕಟ್ಟಡಗಳನ್ನು ಕಂಡು ಬೆರಗಾಗುವುದು ಸಹಜ. ಆ ಎತ್ತರವನ್ನು ಕಾಯುತ್ತಿರುವುದು ತಪ್ಪನ್ನು ಬಹಿರಂಗವಾಗಿ ಹೇಳಿ, ಬರೆದಿಟ್ಟು, ಮತ್ತೆ ಮತ್ತೆ ತಪಾಸಣೆ ಮಾಡುವ ಅಭ್ಯಾಸ ಎಂಬುದನ್ನು ಅವರೊಂದಿಗೆ ಹಂಚಿಕೊಂಡರೆ ಪ್ರವಾಸಕ್ಕೆ ಇನ್ನಷ್ಟು ಅರ್ಥ ಬಂದೀತು.