ಶಿಶುಶಿಕ್ಷಣವೂ ಕುಟುಂಬವೂ: ಬ್ರಾನ್‌ಫೆನ್‌ಬ್ರೆನ್ನರರ ಸಂಶೋಧನೆ

ಮಗುವಿನ ಶಿಕ್ಷಣವು ಶಾಲೆಗಿಂತ ಮೊದಲೇ ಮನೆಯಲ್ಲಿ ಆರಂಭವಾಗುತ್ತದೆಂಬುದು ನಾವೆಲ್ಲರೂ ಒಪ್ಪುವ ಮಾತು. ಅದನ್ನು ಸರ್ಕಾರದ ನೀತಿಯೊಳಕ್ಕೆ ತರಲು ಶ್ರಮಿಸಿದವರಲ್ಲಿ ಯೂರಿ ಬ್ರಾನ್‌ಫೆನ್‌ಬ್ರೆನ್ನರರು (1917–2005) ಪ್ರಮುಖರು. ಮಾಸ್ಕೋದಲ್ಲಿ ಜನಿಸಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದ ಇವರು, 1965ರಲ್ಲಿ ಬಡಮಕ್ಕಳಿಗಾಗಿ ‘ಹೆಡ್ ಸ್ಟಾರ್ಟ್’ ಯೋಜನೆಯನ್ನು ರೂಪಿಸಿದ ಸಮಿತಿಯಲ್ಲಿದ್ದು, ತಂದೆತಾಯಿಗಳೂ ಅದರಲ್ಲಿ ಭಾಗಿಗಳಾಗಬೇಕೆಂದು ವಾದಿಸಿದರು. 1974ರಲ್ಲಿ ಇಂತಹ ಪ್ರಯೋಗಗಳ ಫಲವನ್ನು ಪರಿಶೀಲಿಸಿದಾಗ, ಮಕ್ಕಳಿಗಷ್ಟೇ ಪಾಠ ಹೇಳಿದೆಡೆ ಬುದ್ಧಿಮಾಪನದಲ್ಲಿ ಕಂಡ ಏರಿಕೆಯು ಯೋಜನೆ ಮುಗಿದ ಮೇಲೆ ಕ್ರಮೇಣ ಕುಗ್ಗಿತೆಂದೂ, ತಾಯಿಯೂ ಪಾಲ್ಗೊಂಡೆಡೆ ಹೆಚ್ಚು ಕಾಲ ನಿಂತಿತೆಂದೂ ಅವರಿಗೆ ಕಂಡುಬಂದಿತು. ಆದರೆ ಆಹಾರ, ವಸತಿ, ಉದ್ಯೋಗಗಳಿಗೇ ಕೊರತೆಯಿರುವ ಕುಟುಂಬಕ್ಕೆ ಬರಿಯ ತಿಳಿವಳಿಕೆ ಸಾಲದೆಂದೂ ಅವರು ಎಚ್ಚರಿಸಿದರು. ಮನೆಯನ್ನು ಹೊರಗಿಟ್ಟ ಶಿಶುವಿಹಾರವು ಅರ್ಧ ಕೆಲಸವನ್ನಷ್ಟೇ ಮಾಡೀತೆಂದು ನಾವು ಭಾವಿಸುತ್ತೇವೆ.