ರೋಗಿಗಿಂತ ಮುಂದಾಗಿ ಹೋಗುವ ವರ್ತಮಾನ

ಲಾಯಿಲವು ಬೆಳ್ತಂಗಡಿ ಪೇಟೆಗೆ ಹೊಂದಿಕೊಂಡಿರುವ ಗ್ರಾಮವೆಂಬುದನ್ನೂ, ಇಲ್ಲಿಂದ ಮಂಗಳೂರಿಗೆ ಹೋಗಬೇಕಾದವರು ಗುರುವಾಯನಕೆರೆ, ಮಡಂತ್ಯಾರು, ಪುಂಜಾಲಕಟ್ಟೆಗಳನ್ನು ದಾಟಿ ಬಂಟ್ವಾಳಕ್ಕೆ ಇಳಿದು, ಸುಮಾರು ೬೦ ಕಿಲೋಮೀಟರುಗಳ ದಾರಿಯನ್ನು ಕ್ರಮಿಸಬೇಕೆಂಬುದನ್ನೂ ಈ ಸಂಚಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ. ಆರೋಗ್ಯವುಳ್ಳವರಿಗೆ ಇದು ಒಂದೂವರೆ ಎರಡು ಗಂಟೆಗಳ ಪ್ರಯಾಣವು. ರೋಗಿಯಿರುವ ಮನೆಗಾದರೋ ಲೆಕ್ಕವೇ ಬೇರೆ. ತೋಟದ ನಡುವಿನ ಮನೆಯಿಂದ ಅವರನ್ನು ಮಾರ್ಗದ ಬದಿಗೆ ತರಬೇಕು, ವಾಹನ ದೊರೆಯಬೇಕು, ಹೋಗಬೇಕೋ ಬೇಡವೋ ಎಂಬ ಮಾತು ಮನೆಯವರಲ್ಲಿ ತೀರ್ಮಾನವಾಗಬೇಕು. ಈ ಕಡೆಯದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ.

ಸುಮಾರು ೩೦ ವರ್ಷಗಳ ಹಿಂದೆ ನನ್ನ ದೊಡ್ಡಮ್ಮನವರಿಗೆ ಒಂದು ರಾತ್ರಿ ಊಟವಾದ ಮೇಲೆ ಎದೆಗುಂಡಿಗೆಯ ಕೆಳಗೆ ಉರಿಯೂ ದವಡೆಯಲ್ಲಿ ನೋವೂ ಕಾಣಿಸಿಕೊಂಡು ಮೈಯೆಲ್ಲ ಬೆವರಿತು. ವಾಯುವಿನ ಉಪದ್ರವವೆಂದು ತಿಳಿದು ನಾವು ಜೀರಿಗೆಯ ಕಷಾಯ ಮಾಡಿ ಕೊಟ್ಟೆವು. ತುಸು ಸಮಾಧಾನವಾದಂತೆ ತೋರಿತು. ಬೆಳಿಗ್ಗೆ ನೋಡಿದ ವೈದ್ಯರು ಒಳ್ಳೆಯವರೇ. ಆದರೆ ಅವರಲ್ಲಿ ಹೃದಯವನ್ನು ಪರೀಕ್ಷಿಸುವ ಯಂತ್ರವಿರಲಿಲ್ಲ. ಅವರೂ ಹೊಟ್ಟೆಯ ಮದ್ದನ್ನೇ ಕೊಟ್ಟರು. ಮರುದಿನ ಮಂಗಳೂರಿಗೆ ಕೊಂಡೊಯ್ದಾಗ, ಹೃದಯಾಘಾತವಾಗಿ ಒಂದು ದಿನವೇ ಕಳೆದಿದೆಯೆಂದೂ, ಆಗಬೇಕಾದ ಹಾನಿಯು ಆಗಿಹೋಗಿದೆಯೆಂದೂ ತಿಳಿದು ಬಂತು. ಅವರು ಬದುಕಿಕೊಂಡರು. ಆದರೆ ಆ ಮೇಲೆ ಬಾವಿಯಿಂದ ಒಂದು ಕೊಡ ನೀರನ್ನು ಸೇದಲಾರದವರಾಗಿ ಎರಡು ವರ್ಷ ಮಾತ್ರ ಇದ್ದರು.

ಇದನ್ನು ಹೇಳಿದ್ದು ಯಾರನ್ನೂ ದೂರುವುದಕ್ಕಲ್ಲ. ಅಂದು ಇಲ್ಲದೆ ಇಂದು ಇರುವಂಥ ಒಂದು ಏರ್ಪಾಡನ್ನು ವಿವರಿಸುವುದೇ ಈ ಲೇಖನದ ಉದ್ದೇಶವು.

ಹೃದಯವು ಮೈಗೆಲ್ಲ ರಕ್ತವನ್ನು ಕಳುಹಿಸುವ ಅಂಗವಾದರೂ ಅದರ ಮಾಂಸಖಂಡಕ್ಕೆ ಬೇಕಾದ ರಕ್ತವು ಅದರ ಮೇಲೆಯೇ ಹಬ್ಬಿರುವ ಚಿಕ್ಕ ಧಮನಿಗಳ ಮೂಲಕ ದೊರೆಯುತ್ತದೆ. ಇವುಗಳಲ್ಲೊಂದರೊಳಗೆ ರಕ್ತವು ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಆ ಧಮನಿಯನ್ನು ನಂಬಿಕೊಂಡಿರುವ ಭಾಗವು ಗಂಟೆಗಂಟೆಗೂ ಸಾಯುತ್ತ ಬರುತ್ತದೆ. ಸತ್ತ ಭಾಗವು ಮರಳಿ ಚಿಗುರುವುದಿಲ್ಲ. ಆದುದರಿಂದ ಮೊದಲಿನ ಎರಡು ಮೂರು ಗಂಟೆಗಳಲ್ಲಿ ಮಾಡಿದ ಚಿಕಿತ್ಸೆಗೂ ಆಮೇಲೆ ಮಾಡಿದ್ದಕ್ಕೂ ಬಹಳ ಅಂತರವುಂಟು. ಚಿಕಿತ್ಸೆಗಳು ಮುಖ್ಯವಾಗಿ ಎರಡು. ಸಣ್ಣ ನಳಿಗೆಯನ್ನು ರಕ್ತನಾಳದೊಳಗೆ ತೂರಿಸಿ, ಮುಚ್ಚಿದ ಸ್ಥಳವನ್ನು ಬಲೂನಿನಿಂದ ತೆರೆಯುವುದು ಒಂದು. ಇದು ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಾಧ್ಯ. ಹೆಪ್ಪನ್ನು ಕರಗಿಸುವ ಮದ್ದನ್ನು ಚುಚ್ಚುವುದು ಮತ್ತೊಂದು. ದೊಡ್ಡ ಆಸ್ಪತ್ರೆಯ ಚಿಕಿತ್ಸೆಯು ಎರಡು ಗಂಟೆಗಳೊಳಗೆ ದೊರೆಯುವಂತಿಲ್ಲವಾದರೆ ಈ ಎರಡನೆಯದನ್ನು ಹತ್ತಿರದ ಆಸ್ಪತ್ರೆಯಲ್ಲಿಯೇ ಕೊಡುವುದು ಲೇಸೆಂದು ಹೃದ್ರೋಗ ತಜ್ಞರು ಹೇಳುತ್ತಾರೆ. ಆದರೆ ಆ ಮದ್ದಿನಿಂದ ರಕ್ತಸ್ರಾವದ ಭಯವಿರುವ ಕಾರಣ, ರೋಗವು ಇಂಥದೇ ಎಂದು ನಿಶ್ಚಯವಾಗದೆ ಅದನ್ನು ಕೊಡಕೂಡದು.

ಆ ನಿಶ್ಚಯವನ್ನು ಉಂಟುಮಾಡುವುದು ಹೃದಯದ ವಿದ್ಯುಲ್ಲೇಖವು. ಜನರು ಇದನ್ನು ಇ.ಸಿ.ಜಿ. ಎಂದೇ ಕರೆಯುತ್ತಾರೆ. ಕೈಕಾಲುಗಳಿಗೆ ನಾಲ್ಕು, ಎದೆಗೆ ಆರು, ಹೀಗೆ ಹತ್ತು ತಂತಿಗಳನ್ನು ಅಂಟಿಸಿದರೆ ಹೃದಯದ ಒಂದೊಂದು ಬಡಿತದಲ್ಲಿಯೂ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಯಂತ್ರವು ಹನ್ನೆರಡು ಕಡೆಗಳಿಂದ ನೋಡಿದಂತೆ ಗೆರೆಗಳಾಗಿ ಕಾಗದದ ಮೇಲೆ ಬರೆಯುತ್ತದೆ. ಧಮನಿಯು ಪೂರ್ಣವಾಗಿ ಮುಚ್ಚಿದ್ದರೆ ಸಾಮಾನ್ಯವಾಗಿ ಆ ಗೆರೆಯ ಒಂದು ಭಾಗವು ತನ್ನ ಮಟ್ಟದಿಂದ ಮೇಲಕ್ಕೆ ಎದ್ದಿರುತ್ತದೆ. ಬರೆಯಿಸಿಕೊಳ್ಳುವ ಕೆಲಸವನ್ನು ದಾದಿಯು ಕೆಲವೇ ದಿನಗಳಲ್ಲಿ ಕಲಿಯಬಹುದು. ಬರೆದುದನ್ನು ಓದುವುದಕ್ಕೆ ಮಾತ್ರ ವರ್ಷಗಳ ಅಭ್ಯಾಸ ಬೇಕು. ಓದಬಲ್ಲವರು ಮಂಗಳೂರಿನಲ್ಲಿ, ರೋಗಿಯು ತೋಟದ ಮನೆಯಲ್ಲಿ. ತೊಡಕೆಲ್ಲ ಇಷ್ಟೇ.

ಈ ತೊಡಕು ಹೊಸತಲ್ಲ. ಈ ಯಂತ್ರವನ್ನು ನಿರ್ಮಿಸಿದ ಹಾಲೆಂಡ್ ದೇಶದ ವಿಲ್ಲೆಂ ಐಂಥೋವನ್ ಎಂಬ ಪಂಡಿತನಿಗೇ ಅದು ಎದುರಾಯಿತು. ಆತನ ಯಂತ್ರವು ಒಂದು ಕೋಣೆಯನ್ನು ತುಂಬುವಷ್ಟು ದೊಡ್ಡದು. ಅದನ್ನು ನಡೆಯಿಸಲು ಹಲವರು ಬೇಕಿತ್ತು. ರೋಗಿಯು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತುಕೊಳ್ಳಬೇಕಿತ್ತು. ಯಂತ್ರವನ್ನು ಆಸ್ಪತ್ರೆಗೆ ಒಯ್ಯುವಂತಿಲ್ಲ, ರೋಗಿಯನ್ನು ಪ್ರಯೋಗಶಾಲೆಗೆ ತರುವಂತಿಲ್ಲ. ಆಗ ಆತನು ೧೯೦೫ರಲ್ಲಿ ಲೈಡನ್ ಪಟ್ಟಣದ ಆಸ್ಪತ್ರೆಗೂ ತನ್ನ ಪ್ರಯೋಗಶಾಲೆಗೂ ನಡುವೆ, ಸುಮಾರು ಒಂದೂವರೆ ಕಿಲೋಮೀಟರು ದೂರಕ್ಕೆ, ಟೆಲಿಫೋನಿನ ತಂತಿಯ ಮೂಲಕ ಹೃದಯದ ಬರಹವನ್ನು ತರಿಸಿಕೊಂಡನು. ೧೯೨೪ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಹೀಗೆ ಹೃದಯದ ಚಿತ್ರವು ಊರಿಂದೂರಿಗೆ ಹೋಗುವ ವಿದ್ಯೆಯು ಆ ಚಿತ್ರದಷ್ಟೇ ಹಳೆಯದೆನ್ನಬಹುದು. ಅದು ನಮ್ಮ ಹಳ್ಳಿಗಳಿಗೆ ಬರಲು ನೂರಕ್ಕೂ ಹೆಚ್ಚು ವರ್ಷಗಳಾದುದು ನೆನೆಯತಕ್ಕ ಸಂಗತಿಯು.

ನಮ್ಮ ಜಿಲ್ಲೆಯಲ್ಲಿ ಈ ಕಾರ್ಯಕ್ಕೆ ಕೈಹಾಕಿದವರು ಮಂಗಳೂರಿನ ಕೆ.ಎಂ.ಸಿ. ಆಸ್ಪತ್ರೆಯ ಹೃದ್ರೋಗ ತಜ್ಞರಾದ ಡಾಕ್ಟರ್ ಪದ್ಮನಾಭ ಕಾಮತರು. ೨೦೧೮ರಲ್ಲಿ ಅವರು ಆರಂಭಿಸಿದ ‘ಕಾರ್ಡಿಯಾಲಜಿ ಎಟ್ ಡೋರ್‌ಸ್ಟೆಪ್’, ಅಂದರೆ ಹೃದಯದ ಚಿಕಿತ್ಸೆಯನ್ನು ಮನೆಯ ಬಾಗಿಲಿಗೆ ತರುವ ಯೋಜನೆಯು, ನೋಡುವುದಕ್ಕೆ ಬಹಳ ಸರಳವಾದುದು. ದಾನಿಗಳ ಸಹಾಯದಿಂದ ಇ.ಸಿ.ಜಿ. ಯಂತ್ರಗಳನ್ನು ಕೂಡಿಸಿ ಹಳ್ಳಿಯ ವೈದ್ಯರಿಗೂ, ಸರಕಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ, ಅಲ್ಲಲ್ಲಿ ಜನೌಷಧಿ ಮಳಿಗೆಗಳಿಗೂ ಉಚಿತವಾಗಿ ಕೊಡುವುದು. ಹಳ್ಳಿಯ ವೈದ್ಯರನ್ನೂ ನಗರದ ತಜ್ಞರನ್ನೂ ವಾಟ್ಸಾಪಿನ ಬಳಗಗಳಲ್ಲಿ ಸೇರಿಸುವುದು. ಹಳ್ಳಿಯ ವೈದ್ಯರು ಬರಹವನ್ನು ತೆಗೆದು, ತಮ್ಮ ಮೊಬೈಲಿನಲ್ಲಿ ಅದರ ಚಿತ್ರ ಹಿಡಿದು, ರೋಗಿಯ ವಯಸ್ಸು, ನೋವು ಹುಟ್ಟಿದ ವೇಳೆ, ರಕ್ತದ ಒತ್ತಡ ಇವುಗಳನ್ನು ಬರೆದು ಕಳುಹಿಸುತ್ತಾರೆ. ನೋಡಿದ ತಜ್ಞರು ಉತ್ತರ ಕೊಡುತ್ತಾರೆ. ಇದಕ್ಕಾಗಿ ಹೊಸ ಕಟ್ಟಡವಾಗಲಿ ಹೊಸ ತಂತಿಯಾಗಲಿ ಬೇಕಾಗಲಿಲ್ಲ. ಮದುವೆಯ ಕರೆಯೋಲೆಗಳೂ ಶುಭೋದಯಗಳೂ ಹೋಗುವ ದಾರಿಯಲ್ಲಿಯೇ ಇದೂ ಹೋಗುತ್ತದೆ. ಈ ಯೋಜನೆಯು ತರುವಾಯ ನೆರೆಯ ಜಿಲ್ಲೆಗಳಿಗೂ ಹಬ್ಬಿತು.

ಉತ್ತರವು ಏನೆಂದು ಬರಬಹುದು? ಬರಹದಲ್ಲಿ ದೋಷವಿಲ್ಲ, ಆದರೂ ನೋವು ನಿಲ್ಲದಿದ್ದರೆ ಸ್ವಲ್ಪ ಹೊತ್ತಿನ ಮೇಲೆ ಪುನಃ ತೆಗೆಯಿರಿ ಎಂದು ಬರಬಹುದು. ಆರಂಭದಲ್ಲಿ ಸರಿಯಾಗಿ ತೋರುವ ಬರಹವು ಆಮೇಲೆ ಬದಲಾಗುವುದುಂಟು. ಸಂಶಯವಿದೆ, ರಕ್ತಪರೀಕ್ಷೆಯಾಗಲಿ ಎಂದು ಬರಬಹುದು. ಅಥವಾ, ಇದು ಹೃದಯಾಘಾತವೇ, ಕೂಡಲೆ ಇಂಥ ಮಾತ್ರೆಗಳನ್ನು ಕೊಟ್ಟು ಕಳುಹಿಸಿರಿ ಎಂದು ಬರಬಹುದು. ಆಗ ರೋಗಿಯು ಪುಂಜಾಲಕಟ್ಟೆಯನ್ನು ದಾಟುವಷ್ಟರಲ್ಲಿ ಅವರ ಹೃದಯದ ಚಿತ್ರವು ಮಂಗಳೂರಿಗೆ ಹೋಗಿ ಮುಟ್ಟಿರುತ್ತದೆ, ಆಸ್ಪತ್ರೆಯವರು ಸಿದ್ಧರಾಗಿರುತ್ತಾರೆ, ಬಾಗಿಲಲ್ಲಿ ಪ್ರಶ್ನೆಗಳಿಗಾಗಿ ವ್ಯರ್ಥವಾಗುತ್ತಿದ್ದ ಹೊತ್ತು ಉಳಿಯುತ್ತದೆ.

ಸರಕಾರವೂ ಈ ಮಾರ್ಗವನ್ನು ಹಿಡಿದಿದೆ. ನಟ ಪುನೀತ್ ರಾಜ್‌ಕುಮಾರರು ೨೦೨೧ರಲ್ಲಿ ಅಕಾಲ ಮರಣವನ್ನು ಹೊಂದಿದ ಮೇಲೆ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆಯು ೨೦೨೩ರಲ್ಲಿ ಪ್ರಕಟವಾಯಿತು. ತಾಲೂಕು ಆಸ್ಪತ್ರೆಗಳಲ್ಲಿ ತೆಗೆದ ಬರಹವನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಯ ತಜ್ಞರಿಂದ ಓದಿಸಿ, ಟೆನೆಕ್ಟಿಪ್ಲೇಸ್ ಎಂಬ, ಹೆಪ್ಪು ಕರಗಿಸುವ ಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವುದು ಇದರ ಕ್ರಮವು. ಆ ಮದ್ದಿನ ಕ್ರಯವು ಹತ್ತಾರು ಸಾವಿರ ರೂಪಾಯಿಗಳಾದುದರಿಂದ ಬಡವರಿಗೆ ಇದು ಸಣ್ಣ ಉಪಕಾರವಲ್ಲ.

ಹೃದಯಕ್ಕೆ ಮಾತ್ರವಲ್ಲ, ಕಣ್ಣಿಗೂ ಈ ವಿದ್ಯೆಯು ನೆರವಾಗಿದೆ. ಇದನ್ನು ತಾಯಂದಿರು ಗಮನವಿಟ್ಟು ಓದಬೇಕು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳ ಕಣ್ಣಿನ ಒಳಪರದೆಯಲ್ಲಿ ರಕ್ತನಾಳಗಳ ಬೆಳವಣಿಗೆಯು ಪೂರ್ತಿಯಾಗಿರುವುದಿಲ್ಲ. ಹುಟ್ಟಿದ ಕೆಲವು ವಾರಗಳಲ್ಲಿ ಅವು ತಪ್ಪುದಾರಿ ಹಿಡಿದು ಬೆಳೆದರೆ ಪರದೆಯು ಕಳಚಿ ಕೂಸು ಶಾಶ್ವತವಾಗಿ ಕುರುಡಾಗಬಹುದು. ಹೊರಗಿನಿಂದ ನೋಡುವವರಿಗೆ ಯಾವ ಗುರುತೂ ಕಾಣಿಸದು. ಇದನ್ನು ಪರೀಕ್ಷಿಸಬಲ್ಲ ವೈದ್ಯರು ಬಹು ವಿರಳ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾಕ್ಟರ್ ಆನಂದ ವಿಣೇಕರರು ೨೦೦೮ರಲ್ಲಿ ‘ಕಿಡ್ರಾಪ್’ ಎಂಬ ಕಾರ್ಯವನ್ನು ಆರಂಭಿಸಿದರು. ಇದರಲ್ಲಿ ವೈದ್ಯರಲ್ಲದ, ಆದರೆ ಈ ಒಂದು ಕೆಲಸದಲ್ಲಿ ಚೆನ್ನಾಗಿ ಪಳಗಿದ ತಂತ್ರಜ್ಞರು ವಿಶೇಷವಾದ ಕ್ಯಾಮರಾವನ್ನು ಹೊತ್ತುಕೊಂಡು ಜಿಲ್ಲೆಗಳ ಶಿಶು ಆಸ್ಪತ್ರೆಗಳಿಗೆ ಹೋಗಿ ಕೂಸುಗಳ ಕಣ್ಣೊಳಗಿನ ಚಿತ್ರಗಳನ್ನು ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಅವನ್ನು ನೋಡಿ, ಬೇಕಾದವರಿಗೆ ಲೇಸರ್ ಚಿಕಿತ್ಸೆಯನ್ನು ನಿರ್ಣಯಿಸುತ್ತಾರೆ. ಎರಡು ಕಿಲೋಗ್ರಾಂಗಿಂತ ಕಡಮೆ ತೂಕದಲ್ಲಾಗಲಿ ೩೪ ವಾರಗಳು ತುಂಬುವ ಮೊದಲಾಗಲಿ ಹುಟ್ಟಿದ ಕೂಸಿನ ಕಣ್ಣನ್ನು ೩೦ ದಿನಗಳೊಳಗೆ ತೋರಿಸಲೇಬೇಕು. ಬಾಣಂತನ ಮುಗಿಯಲಿ, ಆಮೇಲೆ ಹೋಗೋಣ ಎಂದು ಅಜ್ಜಿಯಂದಿರು ಹೇಳಿದರೂ ಕೇಳಬಾರದು.

ಸಾಮಾನ್ಯ ರೋಗಗಳಿಗಾಗಿ ಭಾರತ ಸರಕಾರವು ೨೦೧೯ರಲ್ಲಿ ಆರಂಭಿಸಿದ ‘ಇ-ಸಂಜೀವನಿ’ಯ ಮೂಲಕ ಆರೋಗ್ಯ ಕೇಂದ್ರದಲ್ಲಿ ಕುಳಿತು ದೂರದ ವೈದ್ಯರೊಡನೆ ಮಾತಾಡಬಹುದು, ೨೦೨೦ರ ಏಪ್ರಿಲಿನಿಂದ ಮನೆಯಿಂದಲೂ ಅದು ಸಾಧ್ಯವಾಯಿತು. ಇದರ ವಿಷಯ ಬಹಳ ಜನರಿಗೆ ತಿಳಿದೇ ಇದೆ.

ಇಷ್ಟು ಹೇಳಿದ ಮೇಲೆ ಕುಂದುಗಳನ್ನು ಮುಚ್ಚಿಡಬಾರದು. ಆಷಾಢದ ಗಾಳಿಮಳೆಗೆ ಮರ ಬಿದ್ದು ವಿದ್ಯುತ್ತು ಹೋಯಿತೆಂದರೆ ಮೊಬೈಲಿನ ಗೋಪುರವೂ ಮೂಕವಾಗುತ್ತದೆ. ಚಾರ್ಮಾಡಿಯ ಕಡೆಯ ಬೆಟ್ಟದ ಬುಡದಲ್ಲಿ ಬಿಸಿಲಿನ ದಿನವೂ ಸಂಕೇತ ಸಿಕ್ಕದ ಮನೆಗಳಿವೆ. ಅವಸರದಲ್ಲಿ ಹಿಡಿದ ಚಿತ್ರದ ಮೇಲೆ ಕೈಯ ನೆರಳು ಬಿದ್ದರೆ ದೂರದವರು ಏನನ್ನು ಓದಿಯಾರು? ರೋಗಿಯ ಹೆಸರೂ ಮುಖವೂ ಹತ್ತು ಮಂದಿಯ ಕೈಸೇರುವುದು ಸರಿಯಲ್ಲ. ಆ ವಿಷಯದಲ್ಲಿ ಎಲ್ಲ ಕಡೆಯೂ ಬೇಕಾದಷ್ಟು ಎಚ್ಚರವಿದೆಯೆಂದು ನನಗೆ ತೋರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಕುಂದು ಯಂತ್ರದ್ದಲ್ಲ. ಎದೆಗೆ ಆರು ತಂತಿಗಳನ್ನು ಅಂಟಿಸಬೇಕಾದರೆ ಎದೆಯ ಬಟ್ಟೆಯನ್ನು ಸರಿಸಬೇಕು. ಹಳ್ಳಿಯ ದವಾಖಾನೆಯಲ್ಲಿ ಪರದೆಯೂ ದಾದಿಯೂ ಇಲ್ಲದಿದ್ದರೆ ನಮ್ಮ ಸ್ತ್ರೀಯರು ನೋವನ್ನು ನುಂಗಿಕೊಂಡು ‘ಈಗ ಕಡಮೆಯಾಗಿದೆ’ ಎಂದು ಎದ್ದು ಬರುವುದನ್ನು ನಾನು ಕಂಡಿದ್ದೇನೆ. ಅದಲ್ಲದೆ ಸ್ತ್ರೀಯರಲ್ಲಿ ಎದೆನೋವಿನ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಉಸಿರು ಕಟ್ಟುವುದು, ಓಕರಿಕೆ, ವಿಪರೀತ ಆಯಾಸ, ಬೆನ್ನು ದವಡೆಗಳ ನೋವು ಕಾಣಿಸುವುದು ಗಂಡಸರಿಗಿಂತ ಹೆಚ್ಚು. ಇವನ್ನು ವಾಯುವೆಂದೂ ಕೆಲಸದ ದಣಿವೆಂದೂ ಎಣಿಸುವುದು ಬಹು ಸುಲಭ. ಯಂತ್ರವು ಮೂರು ಮನೆಯಾಚೆಗೆ ಇದ್ದರೂ ಅದರ ತನಕ ಹೋಗಬೇಕೆಂದು ಯಾರಿಗೂ ತೋಚದಿದ್ದರೆ ಮಂಗಳೂರಿನ ತಜ್ಞರು ಎಚ್ಚರವಾಗಿದ್ದು ಫಲವೇನು? ಈ ಪುಟಗಳನ್ನು ಓದುವವರಲ್ಲಿ ದಾದಿಯರಾದವರು ಹಲವರಿರಬಹುದು. ತಮ್ಮ ಊರಿನ ದವಾಖಾನೆಗೆ ಒಂದು ಪರದೆಯನ್ನು ಕೊಡಿಸುವುದು ಯಂತ್ರವನ್ನು ಕೊಡಿಸಿದಷ್ಟೇ ದೊಡ್ಡ ಕೆಲಸವೆಂದು ಅವರು ಬಲ್ಲರು.

ಮನೆಯಲ್ಲಿ ಯಾರಿಗಾದರೂ ಇಂಥ ಲಕ್ಷಣಗಳು ತೋರಿ ಬೆವರು ಬಂದರೆ ಬೆಳಗಾಗುವ ತನಕ ಕಾಯಬಾರದು. ರೋಗಿಯನ್ನು ನಡೆಯಿಸದೆ ಕುಳ್ಳಿರಿಸಿ, ೧೦೮ಕ್ಕೆ ಕರೆ ಮಾಡಬೇಕು, ಇ.ಸಿ.ಜಿ. ಇರುವ ಹತ್ತಿರದ ಸ್ಥಳ ಯಾವುದೆಂಬುದನ್ನು ಮೊದಲೇ ಕೇಳಿ ತಿಳಿದಿರಬೇಕು. ನೋವು ಹುಟ್ಟಿದ ವೇಳೆಯನ್ನು ಗಡಿಯಾರ ನೋಡಿ ಒಂದು ಚೀಟಿಯಲ್ಲಿ ಬರೆದಿಡಬೇಕು. ತಜ್ಞರು ತಪ್ಪದೆ ಕೇಳುವ ಪ್ರಶ್ನೆಯು ಅದೇ. ಆ ದಿನ ಮಂಗಳೂರಿನಲ್ಲಿ ನಮ್ಮನ್ನೂ ಅದನ್ನೇ ಕೇಳಿದ್ದರು. ಊಟವಾದ ಮೇಲೆ ಎಂದಷ್ಟೇ ನಾವು ಹೇಳಿದೆವು. ದೊಡ್ಡಮ್ಮನವರು ಮಾತ್ರ, ಅಡಿಗೆಮನೆಯ ಕೆಲಸ ಮುಗಿಯಲಿ ಎಂದು ಯಾರಿಗೂ ಹೇಳದೆ ಸಾಯಂಕಾಲದಿಂದಲೇ ತಡೆದುಕೊಂಡಿದ್ದೆನೆಂದು ಆಗ ಹೇಳಿದರು.