ಹೂವಿನ ಪಾನಕಕ್ಕೆ ನೊರೆ

ಮಹಾಕಾವ್ಯವೆಂದ ಮೇಲೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಲಾಕ್ಷಣಿಕರು ವಿಧಿಸಿದ್ದಾರೆ. ನಗರ, ಸಮುದ್ರ, ಪರ್ವತ, ಚಂದ್ರೋದಯ, ಸೂರ್ಯೋದಯ ಮೊದಲಾದವುಗಳ ಆ ಪಟ್ಟಿಯಲ್ಲಿ ಮಧುಪಾನಕ್ಕೂ ಒಂದು ಸ್ಥಾನವುಂಟು. ಇಪ್ಪತ್ತು ವರ್ಷಗಳಿಂದ ನಾನು ಈ ಪಟ್ಟಿಯನ್ನು ತರಗತಿಯಲ್ಲಿ ಒಪ್ಪಿಸುತ್ತ ಬಂದಿದ್ದೇನೆ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಅರ್ಜುನನು ದ್ವಾರಾವತಿಯ ಇರುಳಿನಲ್ಲಿ ಅಡ್ಡಾಡುತ್ತ ಕುಡಿಯುವವರ ಗೋಷ್ಠಿಯನ್ನು ಕಾಣುವ ಭಾಗ ಬಂದಾಗ, ಹಿಂದಿನ ಬೆಂಚಿನ ಯಾವನೋ ಒಬ್ಬ ಹುಡುಗ “ಅದರ ರುಚಿ ಹೇಗಿರುತ್ತಿತ್ತು ಸಾರ್?” ಎಂದು ಕೇಳುವುದೂ, ತರಗತಿಯೆಲ್ಲ ನಗುವುದೂ, ನಾನು ಒಮ್ಮೆ ಕೆಮ್ಮಿ ಮುಂದಿನ ಪದ್ಯಕ್ಕೆ ಹೋಗುವುದೂ ವರ್ಷಾವಧಿ ಜಾತ್ರೆಯಂತೆ ತಪ್ಪದೆ ನಡೆಯುತ್ತದೆ.

ಆ ಕೆಮ್ಮಿಗೆ ಕಾರಣ ಸಂಕೋಚವಲ್ಲ. ನಮ್ಮ ಮನೆಯಲ್ಲಿ ಕುಡಿತದ ಮಾತನ್ನು ಯಾರೂ ಎತ್ತುವುದಿಲ್ಲ. ನನ್ನ ಅಣ್ಣ ಆ ಚಟಕ್ಕೆ ಬಿದ್ದು, ನಲವತ್ತು ತುಂಬುವ ಮೊದಲೇ ತೀರಿಕೊಂಡ. ಅದಾಗಿ ಹದಿನೆಂಟು ವರ್ಷಗಳಾದವು. ಅವನು ಸೀಸೆಯನ್ನು ಅಂಗಿಯೊಳಗೆ ಮರೆಮಾಡಿ ತರುತ್ತಿದ್ದ. ಸೋಡಾವನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದು ಬರುತ್ತಿದ್ದ. ಹೀಗಾಗಿ ನಮ್ಮ ತಾಯಿಯವರ ಕಿವಿಗೆ ಕುಡಿತದ ಸದ್ದೆಂದರೆ, ರಾತ್ರಿ ಹೊತ್ತು ನಡುಮನೆಯ ಪಕ್ಕದ ಕೋಣೆಯಲ್ಲಿ ಗೋಲಿ ಸೋಡಾದ ಗೋಲಿ ಒಳಕ್ಕೆ ಬೀಳುವ ಸದ್ದು. ಅಣ್ಣ ಹೋದ ಮೇಲೆ ಸೋಡಾ ನಮ್ಮ ಹೊಸ್ತಿಲನ್ನು ದಾಟಲಿಲ್ಲ. ಅಜೀರ್ಣವಾದರೆ ಜೀರಿಗೆಯ ಕಷಾಯ, ಬಾಯಾರಿಕೆಯಾದರೆ ನೀರುಮಜ್ಜಿಗೆ. ಯಾರೂ ಕಟ್ಟಳೆ ಮಾಡಿರಲಿಲ್ಲ. ಯಾರೂ ಮೀರಲೂ ಇಲ್ಲ.

ಕಳೆದ ಬೇಸಿಗೆಯಲ್ಲಿ ಅಣ್ಣನ ಮಗಳಿಗೆ ಮದುವೆ ಗೊತ್ತಾಯಿತು. ಬೆಂಗಳೂರಿನಲ್ಲಿ ಕೆಲಸಮಾಡುವ ಹುಡುಗಿ. ನಿಶ್ಚಿತಾರ್ಥದ ಹಿಂದಿನ ದಿನ ಹಾಸನದ ನಮ್ಮ ಮನೆಗೆ ಬಂದವಳು, ಹಿತ್ತಿಲಿನಲ್ಲಿ ನನ್ನನ್ನು ಒಂಟಿಯಾಗಿ ಹಿಡಿದು, “ಚಿಕ್ಕಪ್ಪ, ನಾಳೆ ಅವರ ಮನೆಯವರು ಬಂದಾಗ ಕಾಫಿಯ ಬದಲು ಹೂವಿನ ಕಾಕ್‌ಟೇಲ್ ಕೊಡೋಣ. ಹೆದರಬೇಡಿ, ಮದ್ಯ ಇರುವುದಿಲ್ಲ. ಹೂವಿನ ಪಾಕ, ನಿಂಬೆ, ಮೇಲೆ ನೊರೆಗೆ ಸೋಡಾ, ಅಷ್ಟೆ,” ಎಂದಳು. ಮದ್ಯವಿಲ್ಲವೆಂಬ ಮಾತು ಸಮಾಧಾನ ತಂದಿತು. ಸೋಡಾ ಎಂಬ ಮಾತು ಅದನ್ನು ಕಿತ್ತುಕೊಂಡಿತು. ಅವಳಿಗೆ ತಿಳಿಯದ ವಿಷಯವೇನಲ್ಲ. ತಂದೆ ಹೋದಾಗ ಅವಳಿಗೆ ಆರು ವರ್ಷ.

ಉತ್ತರ ಹೇಳಲಾರದೆ ಮೇಷ್ಟ್ರುಗಳು ಮಾಡುವುದನ್ನೇ ಮಾಡಿದೆ, ಪುಸ್ತಕಗಳ ಮೊರೆಹೊಕ್ಕೆ. ಕಾಕ್‌ಟೇಲ್ ಎಂಬ ಶಬ್ದಕ್ಕೆ 1806ರಲ್ಲಿ ಅಮೆರಿಕದ ನ್ಯೂಯಾರ್ಕ್ ಸೀಮೆಯ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು ಓದುಗನ ಪ್ರಶ್ನೆಗೆ ಉತ್ತರವಾಗಿ ಅರ್ಥ ಹೇಳಿತು: ಮದ್ಯ, ಸಕ್ಕರೆ, ನೀರು, ಕಹಿದ್ರವ ಇವುಗಳ ಮಿಶ್ರಣ. ಇಂದು ಆ ಶಬ್ದದ ವ್ಯಾಪ್ತಿ ಎಷ್ಟೋ ಹಿಗ್ಗಿದೆ. ಯೂರೋಪಿನಲ್ಲಿ ಎಲ್ಡರ್ ಎಂಬ ಪೊದೆಯ ಬಿಳಿಯ ಹೂಗೊಂಚಲುಗಳನ್ನು ಸಕ್ಕರೆ ನಿಂಬೆಗಳೊಡನೆ ನೆನೆಹಾಕಿ ಪಾಕಮಾಡುತ್ತಾರೆ. ಇಟಲಿಯ ಉತ್ತರ ಅಂಚಿನಲ್ಲಿರುವ ದಕ್ಷಿಣ ಟಿರೋಲಿನ ಜನ ಆ ಪಾಕಕ್ಕೆ ನೊರೆಯುಕ್ಕುವ ದ್ರಾಕ್ಷಾರಸವನ್ನೂ ಸೋಡಾವನ್ನೂ ಬೆರೆಸಿ ಪುದೀನದ ಎಲೆ ತೇಲಿಸಿ ಕುಡಿಯುತ್ತಾರೆ; ಅದಕ್ಕೆ ಹ್ಯೂಗೋ ಎಂದು ಹೆಸರು. ನಮ್ಮ ಹುಡುಗಿಯ ಕಣ್ಣಿನ ಮುಂದಿದ್ದದ್ದು ಅದರದೇ ನಿರಪಾಯವಾದ ತಂಗಿ.

ಹೂವಿನ ಪಾನೀಯ ನಮಗೇನೂ ಹೊಸತಲ್ಲ. ಇಪ್ಪೆಯ ಹೂವಿನಿಂದ ಮದ್ಯ ಇಳಿಸುವುದನ್ನು ಈ ದೇಶದ ಕಾಡಿನ ಜನ ಬಹುಕಾಲದಿಂದ ಬಲ್ಲರು. ಕೌಟಿಲ್ಯನ ಅರ್ಥಶಾಸ್ತ್ರ ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಯ ಪಾನಗಳನ್ನು ಹೆಸರಿಸುತ್ತದೆ. ಆಯುರ್ವೇದದ ಆಸವ ಅರಿಷ್ಟಗಳು ಹುಳಿಬರಲೆಂದು ಹಾಕುವುದೂ ಒಂದು ಹೂವನ್ನೇ, ಧಾತಕಿಯ ಕೆಂಪು ಹೂವನ್ನು. ಹಾಗೆ ಹುಳಿಬಂದ ಅರಿಷ್ಟದಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಇದ್ದೇ ಇರುತ್ತದೆ. ಹೆರಿಗೆಯಾದಾಗಲೆಲ್ಲ ದಶಮೂಲಾರಿಷ್ಟವನ್ನು ಸೇವಿಸಿದ ನಮ್ಮ ತಾಯಿಯವರಿಗೆ ಈ ಸಂಗತಿಯನ್ನು ತಿಳಿಸುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದ್ದು ಸೋಡಾದ ಚರಿತ್ರೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಬಿಯರ್ ತಯಾರಿಸುವ ಕಾರ್ಖಾನೆಯ ಪಕ್ಕದಲ್ಲಿ ವಾಸವಾಗಿದ್ದನು. ಹುಳಿಬರುತ್ತಿರುವ ತೊಟ್ಟಿಗಳ ಮೇಲೆ ಒಂದು ಬಗೆಯ ಭಾರವಾದ ಗಾಳಿ ಕವಿದಿರುವುದನ್ನು ಗಮನಿಸಿ, ಅದರೊಳಗೆ ನೀರನ್ನು ಹಿಡಿದು ನೋಡಿದನು. ಗಾಳಿ ನೀರಿನಲ್ಲಿ ಬೆರೆತು, ನೀರು ನಾಲಗೆಯ ಮೇಲೆ ಚುರುಗುಟ್ಟಿತು. ಆ ಗಾಳಿಯೇ ಇಂಗಾಲದ ಡೈಆಕ್ಸೈಡ್. 1772ರಲ್ಲಿ ಆತನು ಈ ವಿಧಾನವನ್ನು ಕಿರುಹೊತ್ತಗೆಯಾಗಿ ಪ್ರಕಟಿಸಿದನು; ದೂರದ ಹಡಗಿನ ಪಯಣದಲ್ಲಿ ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗಕ್ಕೆ ಇದು ಮದ್ದಾದೀತೆಂದು ಆಶಿಸಿದನು. ಮದ್ದಾಗಲಿಲ್ಲ, ಆದರೆ ಜಿನೀವಾದ ಯಾಕೋಬ್ ಷ್ವೆಪ್ ಎಂಬಾತನು 1783ರಲ್ಲಿ ಅದನ್ನು ಉದ್ಯಮವಾಗಿಸಿದನು. 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರು, ಒಳಗಿನ ಗಾಳಿಯ ಒತ್ತಡವೇ ಗಾಜಿನ ಗೋಲಿಯನ್ನು ಕತ್ತಿನ ರಬ್ಬರು ಉಂಗುರಕ್ಕೆ ಒತ್ತಿ ಮುಚ್ಚಳವಾಗಿಸುವ ಸೀಸೆಗೆ ಹಕ್ಕುಪತ್ರ ಪಡೆದನು. ನಮ್ಮೂರ ಗೋಲಿ ಸೋಡಾ ಅದೇ ಸೀಸೆಯ ಸಂತತಿ.

ಅಂದರೆ, ಸೋಡಾದ ನೊರೆ ಮೊದಲು ಹುಟ್ಟಿದ್ದು ಮದ್ಯದ ತೊಟ್ಟಿಯ ಮೇಲೆಯೇ. ಪಾದ್ರಿಯೊಬ್ಬನು ಅದನ್ನು ಅಲ್ಲಿಂದ ಬಿಡಿಸಿ ಬರಿಯ ನೀರಿಗೆ ಕೊಟ್ಟನು. ಅಲ್ಲಿ ಬೇರ್ಪಡಿಸಿದ್ದನ್ನು ನಮ್ಮ ಮನೆಯಲ್ಲಿ ಅಣ್ಣ ಮತ್ತೆ ಕೂಡಿಸಿದ. ಈಗ ಮತ್ತೊಮ್ಮೆ ಬಿಡಿಸಬಹುದೆ? ಹಿತ್ತಿಲಿಗೆ ಹೋಗಿ ಹುಡುಗಿಗೆ, “ಮಾಡೋಣ. ಆದರೆ ತಿರುಪಿನ ಮುಚ್ಚಳದ ಸೀಸೆ ತಾ,” ಎಂದೆ.

ಮಾಡುವ ಬಗೆ ಸರಳವಾಗಿದೆ. ಬಣ್ಣಕ್ಕೆ ದಾಸವಾಳ, ಕಂಪಿಗೆ ಪನ್ನೀರು ಗುಲಾಬಿ. ಒಂದೇ ಸುತ್ತಿನ ಕೆಂಪು ದಾಸವಾಳ ಹದಿನೈದು ಹೂಗಳನ್ನು ಕಿತ್ತು, ತೊಟ್ಟಿನ ಹಸಿರು ಭಾಗವನ್ನೂ ನಡುವಿನ ಕೇಸರದಂಡವನ್ನೂ ತೆಗೆದು, ಎಸಳುಗಳನ್ನು ತೊಳೆದುಕೊಳ್ಳಬೇಕು. 400 ಮಿಲಿಲೀಟರ್ ನೀರನ್ನು ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಎಸಳುಗಳನ್ನು ಹಾಕಿ ಹತ್ತು ನಿಮಿಷ ಮುಚ್ಚಿಡಬೇಕು. ಎಸಳನ್ನು ಕುದಿಸಬಾರದು, ಹಿಂಡಬಾರದು. ಹಿಂಡಿದರೆ ಲೋಳೆ ಇಳಿಯುತ್ತದೆ. ಸೋಸಿದ ನೀರು ಮಂಕಾದ ನೇರಳೆಯಾಗಿ ಕಂಡರೆ ಎದೆಗುಂದಬೇಕಾಗಿಲ್ಲ. ಅದಕ್ಕೆ 150 ಗ್ರಾಂ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಬೇಕು. ನಾನು ಮೊದಲ ಸಲ ಹಾಕಿದ್ದು 200 ಗ್ರಾಂ. ಅಳತೆ ಇಳಿದ ಕಾರಣವನ್ನು ಕೊನೆಗೆ ಹೇಳುತ್ತೇನೆ.

ಪಾಕ ಉಗುರುಬೆಚ್ಚಗಾದಾಗ ಎರಡು ಹಿಡಿ ಪನ್ನೀರು ಗುಲಾಬಿಯ ಎಸಳು, ಒಂದು ಜಜ್ಜಿದ ಏಲಕ್ಕಿ ಹಾಕಿ, ಬಿಗಿಯಾಗಿ ಮುಚ್ಚಿ, ಆರಿದ ಮೇಲೆ ಇಡೀ ರಾತ್ರಿ ತಣ್ಣಗೆ ಇಡಬೇಕು. ಬಿಸಿಯಲ್ಲಿ ಹಾಕಿದರೆ ಗುಲಾಬಿಯ ಕಂಪು ಅಡುಗೆಮನೆಗೆ ಸೇರುತ್ತದೆ, ಲೋಟಕ್ಕಲ್ಲ. ಮರುದಿನ ಸೋಸಿ, ಎರಡು ನಿಂಬೆಹಣ್ಣಿನ ರಸ ಹಿಂಡಬೇಕು. ಆಗ ನೋಡುವಂಥ ಒಂದು ಸೊಗಸು ನಡೆಯುತ್ತದೆ: ಮಂಕು ನೇರಳೆ ಕಣ್ಣೆದುರಿಗೇ ಹೊಳೆಯುವ ಕೆಂಪಾಗಿ ತಿರುಗುತ್ತದೆ. ಹೂವಿನ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಎಂಬ ದ್ರವ್ಯ ಹುಳಿಯಲ್ಲಿ ಕೆಂಪಾಗುವುದು ಅದರ ಸ್ವಭಾವ. ಈ ಪಾಕವನ್ನು ತಂಗಳುಪೆಟ್ಟಿಗೆಯಲ್ಲಿ ಒಂದು ವಾರ ಇಡಬಹುದು.

ಲೋಟಕ್ಕೆ ಮೂರು ದೊಡ್ಡ ಚಮಚ ಪಾಕ, ಎರಡು ತುಂಡು ಮಂಜುಗಡ್ಡೆ, ಅದರ ಮೇಲೆ ಚೆನ್ನಾಗಿ ತಣಿದ ಸೋಡಾ 150 ಮಿಲಿಲೀಟರ್. ಸೋಡಾವನ್ನು ಲೋಟದ ಅಂಚಿನಿಂದ ಮೆಲ್ಲಗೆ ಇಳಿಬಿಟ್ಟು, ಚಮಚದಿಂದ ಒಂದೇ ಸುತ್ತು ತಿರುಗಿಸಿದರೆ ಸಾಕು. ತಣಿದಿರಬೇಕೆಂಬುದು ಬರಿಯ ಬಾಯಿರುಚಿಯ ಮಾತಲ್ಲ. ಸೊನ್ನೆ ಡಿಗ್ರಿಯ ನೀರು, 25 ಡಿಗ್ರಿಯ ನೀರಿಗಿಂತ ಎರಡರಷ್ಟಕ್ಕೂ ಹೆಚ್ಚಾಗಿ ಈ ಗಾಳಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳಬಲ್ಲುದು. ಬೆಚ್ಚಗಾದಂತೆಲ್ಲ ಅದು ಬಿಟ್ಟು ಹೋಗುತ್ತದೆ. ಉಪ್ಪಿನ ಚಿಟಿಕೆ ಬೇಕೆನ್ನುವವರು ಅದನ್ನು ಮೊದಲೇ ಪಾಕದಲ್ಲಿ ಕರಗಿಸಲಿ. ಸೋಡಾದ ಮೇಲೆ ಉಪ್ಪು ಬಿದ್ದರೆ ಹರಳುಹರಳಿಗೂ ಗುಳ್ಳೆ ಎದ್ದು ಲೋಟವೇ ಉಕ್ಕಿಬಿಡುತ್ತದೆ.

ಒಂದೆರಡು ಎಚ್ಚರಿಕೆಗಳು. ಪೇಟೆಯ ಹೂವಿಗೆ ಕೀಟನಾಶಕ ಹೊಡೆದಿರುತ್ತಾರೆ. ಮನೆಯ ಗಿಡದ ಹೂವನ್ನೇ ಬಳಸಬೇಕು. ಚೆಲುವಾಗಿದೆಯೆಂದು ಕಂಡ ಹೂವನ್ನೆಲ್ಲ ಪಾಕಕ್ಕೆ ಹಾಕಬಾರದು. ಕಣಗಿಲೆ, ದತ್ತೂರಿಗಳು ವಿಷ. ಗರ್ಭಿಣಿಯರು ದಾಸವಾಳವನ್ನು ವೈದ್ಯರನ್ನು ಕೇಳದೆ ಸೇವಿಸದಿರುವುದು ಮೇಲು.

ಇನ್ನು ಆ ಸಂಜೆಯ ಸಂಗತಿ. ಬೀಗರು ಬಂದು ಕುಳಿತಿದ್ದರು. ಅಮ್ಮ ಎಂದಿನ ಕಂಬದ ಬಳಿ ಮಣೆಯ ಮೇಲೆ ಕುಳಿತಿದ್ದರು. ಹುಡುಗಿ ಅಡುಗೆಮನೆಯಲ್ಲಿ ಲೋಟಗಳಿಗೆ ಪಾಕ ಹಾಕಿಟ್ಟು ಸೋಡಾದ ಪೆಟ್ಟಿಗೆಯನ್ನು ಬಿಚ್ಚಿದಳು. ನೋಡಿದರೆ ಎಲ್ಲವೂ ಗೋಲಿಯ ಸೀಸೆಗಳು. “ಅಂಗಡಿಯಲ್ಲಿ ಬೇರೆ ಇತ್ತು ಚಿಕ್ಕಪ್ಪ. ಬೇಕೆಂದೇ ಇದನ್ನು ತಂದೆ,” ಎಂದಳು. “ಅಪ್ಪನ ನೆನಪೆಂದು ನನಗೆ ಉಳಿದಿರುವುದು ಇದರ ಸದ್ದೊಂದೇ. ಇದನ್ನೂ ಬಚ್ಚಿಡಬೇಕೆ?”

ನಾನು ಏನನ್ನಾದರೂ ಹೇಳುವ ಮೊದಲೇ ಅವಳು ಹೆಬ್ಬೆರಳಿನಿಂದ ಗೋಲಿಯನ್ನು ಒತ್ತಿದಳು. ಹದಿನೆಂಟು ವರ್ಷ ಆ ಮನೆಯಲ್ಲಿ ಕೇಳದಿದ್ದ ಸದ್ದು ನಡುಮನೆಯವರೆಗೂ ಹೋಯಿತು. ಬೀಗರ ಮಾತು ನಡೆದೇ ಇತ್ತು, ಅವರಿಗೇನು ಗೊತ್ತು? ಅಮ್ಮ ಎದ್ದರು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವರೆಂದು ನಾನು ಎಣಿಸಿದೆ. ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮೊಮ್ಮಗಳ ಕೈಯ ಸೀಸೆಯನ್ನೂ, ಲೋಟದಲ್ಲಿ ಕೆಂಪಗೆ ಏರುತ್ತಿದ್ದ ನೊರೆಯನ್ನೂ ಬಹಳ ಹೊತ್ತು ನೋಡಿದರು.

“ಏನಿದೆ ಇದರಲ್ಲಿ?”

“ನಿಮ್ಮ ಗಿಡದ ದಾಸವಾಳ, ನಿಮ್ಮ ಗಿಡದ ಗುಲಾಬಿ. ಮೂಸಿ ನೋಡಿ ಅಜ್ಜಿ.”

ಅವರು ಲೋಟವನ್ನು ಮೂಗಿನ ಬಳಿ ಹಿಡಿದರು. ಮಗ ಮನೆಗೆ ಬಂದ ರಾತ್ರಿಗಳಲ್ಲಿ ಎಷ್ಟೋ ಲೋಟಗಳನ್ನು ಅವರು ಹೀಗೆಯೇ ಮೂಸಿದ್ದುದನ್ನು ನಾನು ಬಲ್ಲೆ. ಈ ಸಲ ಅಲ್ಲಿದ್ದದ್ದು ಪನ್ನೀರಿನ ಕಂಪು. “ನಾಳೆ ದೇವರ ತಲೆಗೆ ಹೂವಿಲ್ಲದ ಹಾಗೆ ಮಾಡಿದಿರಿ,” ಎಂದರು. ಹುಡುಗಿ ನಕ್ಕಳು. “ಬೇಗ ಕುಡಿಯಬೇಕು ಅಜ್ಜಿ, ಇಟ್ಟರೆ ನೊರೆ ಹೋಗುತ್ತದೆ.”

ಇಡುವುದಕ್ಕೆ ಬರುವುದಿಲ್ಲವೆಂಬುದೇ ಈ ಪಾನೀಯದ ಗುಣ. ಅಂಗಡಿಯಲ್ಲಿ ಕೊಂಡುತಂದ ಪಾಕದಲ್ಲಿ ಬಣ್ಣ ವರ್ಷಗಟ್ಟಲೆ ನಿಂತೀತು. ಈ ನೊರೆಗೆ ಇರುವುದು ಕೆಲವೇ ನಿಮಿಷ. ಮಾಡಿದವರ ಕೈಯಿಂದ ಕುಡಿಯುವವರ ಕೈಗೆ ಅಷ್ಟರೊಳಗೆ ಅದು ದಾಟಬೇಕು. ಮನೆಯಲ್ಲೇ ಮಾಡಬೇಕೆನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ನನಗೆ ತೋರದು.

ಈ ವರ್ಷವೂ ಹಿಂದಿನ ಬೆಂಚಿನಿಂದ ಆ ಪ್ರಶ್ನೆ ಬಂದೀತು. ದ್ವಾರಾವತಿಯ ಮಧುವಿನ ರುಚಿ ನನಗೆ ಇನ್ನೂ ತಿಳಿಯದು. ಆದರೆ ಕೆಮ್ಮುವುದಿಲ್ಲ, ನಮ್ಮ ಮನೆಯ ಎರಡು ಲೋಟಗಳ ಕಥೆಯನ್ನೂ ಹುಡುಗರಿಗೆ ಹೇಳುತ್ತೇನೆ.

ಅಮ್ಮ ಅಂದು ಅರ್ಧ ಲೋಟ ಕುಡಿದು, ಸೆರಗಿನಿಂದ ಬಾಯೊರಸಿಕೊಂಡು, ಲೋಟವನ್ನು ನನ್ನ ಕೈಗೆ ಕೊಟ್ಟರು. “ಸಕ್ಕರೆ ಜಾಸ್ತಿಯಾಯಿತು ಕಣೋ. ಮುಂದಿನ ಸಲ ಕಡಿಮೆ ಹಾಕು,” ಎಂದರು.